ತುಕ್ಕು ಹಿಡಿಯದ ಕಾರು ಎಲ್ಲಿ ಹೋಯಿತು?

ರಾಣೆಬೆನ್ನೂರಿನ ಪಿ.ಬಿ. ರಸ್ತೆಗುಂಟ ಗ್ಯಾರೇಜುಗಳಿಗೆ ಬರವಿಲ್ಲ. ಲಾರಿಗೆ ಒಂದು, ಟ್ರ್ಯಾಕ್ಟರಿಗೆ ಒಂದು, ಸಣ್ಣ ಗೂಡ್ಸ್ ಗಾಡಿಗೆ ಇನ್ನೊಂದು. ಆದರೆ ಡಾಲ್ಫಿನ್ ಕಾರು ಬಿಚ್ಚಿ ಜೋಡಿಸಿದವರು ಯಾರಾದರೂ ಇದ್ದಾರೆಯೇ ಎಂದು ಕೇಳಿ ನೋಡಿ, ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ. ತಲೆ ನರೆತವರು ಮಾತ್ರ ನಕ್ಕು, ಮಗನ ಗ್ಯಾರೇಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುವ ಹಿರಿಯರೊಬ್ಬರ ಕಡೆ ಕೈ ತೋರಿಸುತ್ತಾರೆ. ಎಪ್ಪತ್ತು ದಾಟಿದ ಅವರನ್ನು ಓಣಿಯೆಲ್ಲ ಮಿಸ್ತ್ರಿ ಕಾಕಾ ಎನ್ನುತ್ತದೆ. ಪೇಪರಿನಲ್ಲಿ ಹೆಸರು ಹಾಕಲು ಒಪ್ಪಲಿಲ್ಲ. "ನನ್ನ ಹೆಸರು ಯಾಕ ತಮ್ಮಾ? ಗಾಡಿ ಹೆಸರು ಬರಿ. ಅದನ್ನ ಮಂದಿ ಮರ್ತಾರ" ಎಂದರು.

ಮಂದಿ ಮರೆತ ಆ ಗಾಡಿ ನಮ್ಮ ಬೆಂಗಳೂರಿನದೇ. ಸಿಪಾನಿ ಆಟೋಮೊಬೈಲ್ಸ್ ಎಂಬ ಕಂಪನಿ 1980ರ ದಶಕದಲ್ಲಿ ಅಲ್ಲಿ ಕಾರು ಕಟ್ಟುತ್ತಿತ್ತು ಎಂದರೆ ಈಗ ಬೆಂಗಳೂರಿನವರೇ ನಂಬುವುದಿಲ್ಲ. ದೇಶದಲ್ಲಿ ಕಾರು ಎಂದರೆ ಕಲ್ಕತ್ತೆಯ ಅಂಬಾಸಿಡರ್, ಮುಂಬಯಿಯ ಫಿಯಟ್, ಮದ್ರಾಸಿನ ಸ್ಟ್ಯಾಂಡರ್ಡ್ ಎಂದು ಮೂರೇ ಹೆಸರು ಓಡಾಡುತ್ತಿದ್ದ ಕಾಲವದು. ಹಣ ಕಟ್ಟಿ ವರ್ಷಗಟ್ಟಲೆ ಸರದಿಯಲ್ಲಿ ಕಾಯಬೇಕಿತ್ತು. ಅಂಥ ಹೊತ್ತಿನಲ್ಲಿ ನಾಲ್ಕನೆಯವರಾಗಿ ಕಣಕ್ಕಿಳಿದವರು ಕರ್ನಾಟಕದವರು, ಅದೂ ತಗಡೇ ಇಲ್ಲದ ಕಾರು ಹಿಡಿದುಕೊಂಡು.

ಡಾಲ್ಫಿನ್‌ನ ಮೈ ಪೂರ್ತಿ ಫೈಬರ್ ಗ್ಲಾಸ್. ಅಡಿಯಲ್ಲಿ ಉಕ್ಕಿನ ಚಾಸಿ, ಅದರ ಮೇಲೆ ಕೂರಿಸಿದ ಫೈಬರ್ ಚಿಪ್ಪು. "ತಗಡಾ ಇಲ್ಲಂದಮ್ಯಾಲ ತುಕ್ಕು ಎಲ್ಲಿ ಹಿಡೀಬೇಕ್ರೀ?" ಎಂದು ಕಾಕಾ ಕೇಳುತ್ತಾರೆ. ಫಿಯಟ್‌ಗಳ ಬಾಗಿಲಿನ ಬುಡ ನಾಲ್ಕು ಮಳೆಗಾಲಕ್ಕೆ ಹಪ್ಪಳದ ಹಾಗೆ ಉದುರುವುದನ್ನು ಕಂಡವರಿಗೆ ಇದು ಸಣ್ಣ ಮಾತಲ್ಲ.

ನಾನು ಹೋದದ್ದೇ ಈ ಫೈಬರ್ ಕೆಲಸದ ಕತೆ ಕೇಳಲು. ಹುಬ್ಬಳ್ಳಿಯಲ್ಲಿ ಫೈಬರ್ ಟ್ಯಾಂಕು ಮಾಡುವವರ ಹತ್ತಿರ ಕಾಕಾ ಅದನ್ನು ಕಲಿತರಂತೆ. ತಗಡಿನ ಕಾರಿಗೆ ಪೆಟ್ಟು ಬಿದ್ದರೆ ತಗ್ಗು ಬೀಳುತ್ತದೆ, ಸುತ್ತಿಗೆಯಿಂದ ಬಡಿದು ಎಬ್ಬಿಸಬಹುದು. ಫೈಬರ್ ತಗ್ಗು ಬೀಳುವುದಿಲ್ಲ, ಸೀಳುತ್ತದೆ. ಪಿ.ಬಿ. ರಸ್ತೆಯಲ್ಲಿ ಎತ್ತಿನ ಗಾಡಿಯ ನೊಗ ತಾಗಿದರೂ ಸಾಕು, ಮಡ್‌ಗಾರ್ಡಿನಿಂದ ಬಿರುಕು ಹೊರಟು ಬಾನೆಟ್ಟಿನ ಅಂಚಿಗೆ ಬಂದು ನಿಲ್ಲುತ್ತಿತ್ತು. ಬೇರೆ ಗ್ಯಾರೇಜಿನವರು ಇದನ್ನು ನೋಡಿ ಕೈ ಚೆಲ್ಲಿದರೆ ಗಾಡಿ ಕಾಕಾನ ಕಡೆಗೇ ಬರಬೇಕು.

ಮೊದಲ ಕೆಲಸ ಬಿರುಕಿನ ಎರಡೂ ತುದಿಗೆ ಡ್ರಿಲ್ಲಿನಿಂದ ಸಣ್ಣ ತೂತು ಕೊರೆಯುವುದು. ಹಾಗೆ ಮಾಡದಿದ್ದರೆ ಮೇಲೆ ಎಷ್ಟು ಬಳಿದರೂ ಒಳಗೊಳಗೇ ಸೀಳು ಮುಂದೆ ಓಡುತ್ತದೆ. ಆಮೇಲೆ ಒಳಮೈಯ ಬಣ್ಣ ಕೆರೆದು, ಎಮರಿ ಕಾಗದದಿಂದ ಉಜ್ಜಿ ಒರಟು ಮಾಡಬೇಕು. ನುಣುಪಿದ್ದರೆ ರೆಸಿನ್ ಕಚ್ಚುವುದಿಲ್ಲ. ಗಾಜಿನ ಎಳೆಯ ಮ್ಯಾಟನ್ನು ಬಿರುಕಿಗಿಂತ ನಾಲ್ಕು ಬೆರಳು ಅಗಲಕ್ಕೆ ಕತ್ತರಿಸಿ, ಅದರ ಮೇಲೆ ಹಾಕುವ ತುಂಡನ್ನು ಇನ್ನೂ ಅಗಲ ಮಾಡಿ, ಮೂರು ಪದರ ಕೂರಿಸುವುದು. ಪದರ ಪದರಕ್ಕೂ ರೆಸಿನ್ ಬಳಿದು, ಬ್ರಷ್ಷನ್ನು ಎಳೆಯದೆ ಕುಟ್ಟುತ್ತಾ ಹೋಗಬೇಕು. ಎಳೆದರೆ ಮ್ಯಾಟು ಜರುಗುತ್ತದೆ, ಕುಟ್ಟದೆ ಬಿಟ್ಟರೆ ಗಾಳಿಗುಳ್ಳೆ ಉಳಿಯುತ್ತದೆ. ಗುಳ್ಳೆ ಉಳಿದ ಜಾಗ ಮುಂದಿನ ಕುಲುಕಾಟಕ್ಕೆ ಮತ್ತೆ ಒಡೆಯುತ್ತದೆ.

ಇದರಲ್ಲಿ ಎಲ್ಲಕ್ಕಿಂತ ಸೂಕ್ಷ್ಮ ಹಾರ್ಡ್‌ನರ್ ಲೆಕ್ಕ. ರೆಸಿನ್ನಿಗೆ ಅದನ್ನು ಬೆರೆಸಿದ ಕೂಡಲೆ ಗಟ್ಟಿಯಾಗಲು ಶುರು. ಬಿಸಿಲು ಹೆಚ್ಚಿದ್ದಷ್ಟೂ ಬೇಗ. ಏಪ್ರಿಲ್ ತಿಂಗಳ ರಾಣೆಬೆನ್ನೂರಿನಲ್ಲಿ ಮಧ್ಯಾಹ್ನ ಬೆರೆಸಿದರೆ ಬ್ರಷ್ಷು ಎತ್ತುವುದರೊಳಗೆ ಡಬ್ಬಿಯೇ ಕಲ್ಲು. ಹಾಗಾಗಿ ಬೇಸಿಗೆಯಲ್ಲಿ ಬೆಳಗಿನ ಜಾವ ಬೇವಿನ ಮರದ ಕೆಳಗೆ ಕೆಲಸ, ಹಾರ್ಡ್‌ನರ್ ಅರ್ಧಕ್ಕರ್ಧ. ಚಳಿಗಾಲದಲ್ಲಿ ಅದೇ ಕೆಲಸ ನಡುಮಧ್ಯಾಹ್ನ. ಯಾವ ಪುಸ್ತಕವನ್ನೂ ನೋಡದೆ, ಡಬ್ಬಿಯ ಹೊರಮೈ ಮುಟ್ಟಿ, ಎಷ್ಟು ಬೆಚ್ಚಗಾಗಿದೆ ಎಂಬುದರ ಮೇಲೆ ಇನ್ನೆಷ್ಟು ಹೊತ್ತು ಕೈಗೆ ಸಿಗುತ್ತದೆ ಎಂದು ಹೇಳುತ್ತಿದ್ದರಂತೆ. ಗಟ್ಟಿಯಾದ ಮೇಲೆ ಅಂಚನ್ನು ಹ್ಯಾಕ್ಸಾ ಬ್ಲೇಡಿನಿಂದ ಸವರಿ, ಹೊರಮೈಗೆ ಪುಟ್ಟಿ, ವಾಟರ್ ಪೇಪರ್, ಬಣ್ಣ. ಅಲ್ಲಿಂದ ಮುಂದಿನದು ಯಾವ ಪೇಂಟರಿಗಾದರೂ ಗೊತ್ತಿರುವ ಕೆಲಸ.

ಗಾಜಿನ ಎಳೆಯ ಪುಡಿ ಮೈಗೆ ಹತ್ತಿದರೆ ಮಾತ್ರ ರಾತ್ರಿಯಿಡೀ ತುರಿಕೆ. ಮನೆಯಲ್ಲಿ ಇವರ ಅಂಗಿಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಸುತ್ತಿದ್ದರು. "ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ಚೀಲದ ಮ್ಯಾಲ ಮಲಗಿದ್ರೂ ಹಂಗ ಉರಿಯಂಗಿಲ್ಲ ನೋಡು" ಎಂದು ಕಾಕಾ ಮೊಣಕೈ ಕೆರೆದುಕೊಂಡರು, ನಿನ್ನೆ ಮೊನ್ನೆ ಮಾಡಿದ ಕೆಲಸವೇನೋ ಎಂಬಂತೆ.

ಇನ್ನು ಈ ಕಾರಿನ ಕುಲಗೋತ್ರ. ಕಂಪನಿ 1970ರ ದಶಕದ ನಡುವಿನಲ್ಲಿ ಸನ್‌ರೈಸ್ ಎಂಬ ಹೆಸರಿನಲ್ಲಿ ಶುರುವಾಯಿತು. ಮೊದಲ ಕಾರು ಬಾದಲ್. ಮುಂದೆ ಒಂದು, ಹಿಂದೆ ಎರಡು, ಒಟ್ಟು ಮೂರೇ ಗಾಲಿ. ಮೈ ಆಗಲೂ ಫೈಬರ್. ಹಿಂಭಾಗದಲ್ಲಿ 198 ಸಿ.ಸಿ.ಯ ಟೂ ಸ್ಟ್ರೋಕ್ ಎಂಜಿನ್. ಆಟೋರಿಕ್ಷಾಕ್ಕೆ ಕಾರಿನ ವೇಷ ಹಾಕಿದ್ದಾರೆ ಎಂದು ಆಡಿಕೊಂಡವರೇ ಹೆಚ್ಚು. ಮುಂದೆ ನಾಲ್ಕು ಗಾಲಿಯ ಬಾದಲ್ ಕೂಡ ಬಂತು. ಸಿಪಾನಿ ಎಂಬ ಹೆಸರಿನೊಂದಿಗೆ 1982ರಲ್ಲಿ ಡಾಲ್ಫಿನ್ ರಸ್ತೆಗಿಳಿಯಿತು.

ಡಾಲ್ಫಿನ್ನಿನ ಮೂಲ ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಕಾರು. ಟ್ಯಾಮ್‌ವರ್ತ್ ಎಂಬ ಊರಿನ ಈ ಕಂಪನಿ ಮೂರು ಗಾಲಿಯ ಫೈಬರ್ ಕಾರುಗಳಿಗೆ ಹೆಸರುವಾಸಿ. ನಮ್ಮ ಓದುಗರಿಗೂ ಅದರ ಪರಿಚಯ ಇದ್ದೇ ಇದೆ. ಟಿ.ವಿ.ಯಲ್ಲಿ ಮಿಸ್ಟರ್ ಬೀನ್ ತನ್ನ ಮಿನಿ ಕಾರಿನಲ್ಲಿ ಬಂದು ಮತ್ತೆ ಮತ್ತೆ ಉರುಳಿಸುವ ನೀಲಿ ಬಣ್ಣದ ಮೂರು ಗಾಲಿಯ ಬಂಡಿ ನೆನಪಿದೆಯೇ? ಅದು ರಿಲಯಂಟ್ ಕಂಪನಿಯ ರೀಗಲ್. ಬ್ಯಾಡಗಿಯ ರಸ್ತೆಯಲ್ಲಿ ಓಡಾಡಿದ ಡಾಲ್ಫಿನ್ ಅದರ ನಾಲ್ಕು ಗಾಲಿಯ ತಮ್ಮ. ಬ್ರಿಟನ್ನಿನಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಪೂರ್ಣ ಅಲ್ಯೂಮಿನಿಯಂ ಎಂಜಿನ್ ಎಂಬ ಹೆಗ್ಗಳಿಕೆ ರಿಲಯಂಟ್‌ನದು. ಅದರ 848 ಸಿ.ಸಿ., ನಾಲ್ಕು ಸಿಲಿಂಡರಿನ ರೂಪವೇ ಡಾಲ್ಫಿನ್ನಿಗೆ ಬಂತು. "ಇಬ್ರು ಸೇರಿ ಎಂಜಿನ್ ಎತ್ತಿ ಹೊರಗ ಇಡ್ತಿದ್ವಿ. ಅಂಬಾಸಿಡರ್‌ದು ಹಂಗ ಎತ್ತಾಕ ಹೋದ್ರ ಸೊಂಟ ಬಿದ್ದ ಹೋಗತೈತಿ" ಎನ್ನುತ್ತಾರೆ ಕಾಕಾ.

ಮೈಯೂ ಹಗುರ, ಎಂಜಿನ್ನೂ ಹಗುರ. ಹಾಗಾಗಿ ಗಾಡಿ ಚೂಟಿ. ರೇಸಿನವರು ಇದನ್ನು ಬೇಗ ಗುರುತಿಸಿದರು. ಮದ್ರಾಸಿನ ಬಳಿಯ ಶೋಳಾವರಂ ವಿಮಾನಪಟ್ಟಿಯ ರೇಸುಗಳಲ್ಲಿ, ದಕ್ಷಿಣದ ರ್‍ಯಾಲಿಗಳಲ್ಲಿ ಡಾಲ್ಫಿನ್‌ಗಳು ತಮಗಿಂತ ದೊಡ್ಡ ಎಂಜಿನ್ನಿನ ಗಾಡಿಗಳನ್ನು ಕಾಡಿದ್ದುಂಟು.

ಆದರೆ ಕಾರು ಕೊಳ್ಳುವವರು ರೇಸಿನವರಲ್ಲವಲ್ಲ. ಕಾಕಾ ನೋಡಿಕೊಳ್ಳುತ್ತಿದ್ದ ಡಾಲ್ಫಿನ್‌ಗಳಲ್ಲಿ ಒಂದು ಹಾವೇರಿಯ ಡಾಕ್ಟರೊಬ್ಬರದು, ಇನ್ನೊಂದು ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯ ಮಾಲಕರದು. ಆಗ ಹಾವೇರಿ ಇನ್ನೂ ಧಾರವಾಡ ಜಿಲ್ಲೆಯ ತಾಲ್ಲೂಕು, ಜಿಲ್ಲೆಯಾದದ್ದು 1997ರಲ್ಲಿ. ಕೆಎ-27 ಎಂಬ ನಂಬರೇ ಹುಟ್ಟಿರಲಿಲ್ಲ. ಡಾಕ್ಟರರಿಗೆ ಕಾರು ಹಿಡಿಸಿತ್ತು, ಇಕ್ಕಟ್ಟಿನ ಓಣಿಯಲ್ಲೂ ಒಂದೇ ಏಟಿಗೆ ತಿರುಗಿಸಿಕೊಂಡು ಬರುತ್ತಿದ್ದರು. ದಲಾಲರ ಮನೆಯಲ್ಲಿ ಹಾಗಾಗಲಿಲ್ಲ. ಡಾಲ್ಫಿನ್ನಿಗೆ ಇದ್ದದ್ದು ಎರಡೇ ಬಾಗಿಲು. ಹಿಂದಿನ ಸೀಟಿಗೆ ಹೋಗಬೇಕೆಂದರೆ ಮುಂದಿನವರು ಇಳಿದು ಸೀಟು ಮಡಚಬೇಕು. ಕದರಮಂಡಲಗಿಯ ಆಂಜನೇಯನ ಗುಡಿಗೆ ಹೊರಟ ದಿನ ಮನೆಯ ಹಿರಿಯಮ್ಮ ಇಳಕಲ್ ಸೀರೆ ಎತ್ತಿ ಹಿಡಿದುಕೊಂಡು ಅರ್ಧ ಬಗ್ಗಿ, ಅಲ್ಲಿಗೇ ನಿಂತರು. "ನಾನೇನ್ ಕಳ್ಳಿ ಏನು, ಕಿಡಕ್ಯಾಗಿಂದ ತೂರಾಕ?" ಎಂದವರು ಮತ್ತೆ ಆ ಕಾರು ಹತ್ತಲಿಲ್ಲ. ಕಡೆಗೆ ಹಿಂದಿನ ಸೀಟು ತೆಗೆದು, ಮೆಣಸಿನಕಾಯಿ ಸ್ಯಾಂಪಲ್ ಚೀಲ ಸಾಗಿಸುವ ಗಾಡಿಯಾಯಿತು ಅದು.

ಜನರಿಗೆ ಫೈಬರ್ ಮೇಲೂ ನಂಬಿಕೆ ಬರಲಿಲ್ಲ. ಬೆರಳ ಗೆಣ್ಣಿನಿಂದ ಬಾನೆಟ್ಟು ತಟ್ಟಿ ನೋಡಿ, ಪ್ಲಾಸ್ಟಿಕ್ ಕಾರು ಎಂದು ನಗುತ್ತಿದ್ದರು. ಅಲ್ಯೂಮಿನಿಯಂ ಎಂಜಿನ್ನಿಗೆ ನೀರು ಕಡಿಮೆಯಾಗುವಂತಿಲ್ಲ. ಕಾದರೆ ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ. ರೇಡಿಯೇಟರಿಗೆ ಒಂದು ತಂಬಿಗೆ ನೀರು ಹಾಕುವುದನ್ನು ಡ್ರೈವರು ಮರೆತರೆ ಮಾಲಕರಿಗೆ ವಾರಗಟ್ಟಲೆ ಬಸ್ಸೇ ಗತಿ. ಸಾಮಾನು ಬೆಂಗಳೂರಿನಿಂದ ಬರಬೇಕಿತ್ತಲ್ಲ. ಅಷ್ಟರಲ್ಲಿ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ನಾಲ್ಕು ಬಾಗಿಲು, ಸದ್ದಿಲ್ಲದ ಎಂಜಿನ್, ಬೆನ್ನಿಗೆ ಸರ್ಕಾರ, ಜೊತೆಗೆ ಸುಜುಕಿ. ಇದರ ಮುಂದೆ ಬೆಂಗಳೂರಿನ ಒಂದು ಮನೆತನದ ಕಂಪನಿ ಎಷ್ಟು ದಿನ ನಿಂತೀತು? ದಶಕದ ಕೊನೆಯ ಹೊತ್ತಿಗೆ ಸಿಪಾನಿಯವರು ಹಿಂದಿನವರಿಗೂ ಬಾಗಿಲಿಟ್ಟು ಮೊಂಟಾನಾ ತಂದರು, ಮುಂದೆ ಅದಕ್ಕೆ ಡೀಸೆಲ್ ಎಂಜಿನ್ನೂ ಬಂತು. 1990ರ ದಶಕದ ನಡುವಿನಲ್ಲಿ ಬ್ರಿಟನ್ನಿನ ರೋವರ್ ಮೊಂಟೆಗೊ ಎಂಬ ದೊಡ್ಡ ಕಾರನ್ನೂ ಜೋಡಿಸಿ ಮಾರಿ ನೋಡಿದರು. ಹೋದದ್ದು ಕೆಲವೇ ನೂರು. ಅಲ್ಲಿಗೆ ಅಂಗಡಿ ಮುಚ್ಚಿತು.

ಡಾಲ್ಫಿನ್ ಮಹಾ ಕಾರು ಎಂದು ನಾನೂ ಹೇಳುವುದಿಲ್ಲ. ಆದರೆ ಸೋತವರನ್ನು ನೆನೆಯುವುದರಲ್ಲೂ ನಮ್ಮಲ್ಲಿ ಭೇದವಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ, ಯೆಜ್ಡಿ ಬೈಕಿನವರು ಬೀದಿ ತುಂಬ ಹೊಗೆ ಬಿಡುತ್ತಾ ಹಬ್ಬ ಮಾಡುತ್ತಾರೆ. ಎಚ್‌ಎಂಟಿ ಗಡಿಯಾರ ಹುಡುಕಿ ಕೊಳ್ಳುವ ಹುಡುಗರಿದ್ದಾರೆ. 2001ರಲ್ಲಿ ಅದೇ ಬೆಂಗಳೂರಿನಿಂದ ಹೊರಟ ರೇವಾ ವಿದ್ಯುತ್ ಕಾರನ್ನೂ ಜನ ಮರೆತಿಲ್ಲ. ಅದಕ್ಕೂ ಇದ್ದದ್ದು ಎರಡೇ ಬಾಗಿಲು, ಮೈ ಅದರದೂ ಪ್ಲಾಸ್ಟಿಕ್ಕೇ. ಸಿಪಾನಿಗೆ ಮಾತ್ರ ಆ ಯೋಗ ಬರಲಿಲ್ಲ.

ಇದಕ್ಕೆ ಒಂದು ಕಾರಣವನ್ನು ಕಾಕಾ ಗುಜರಿ ಭಾಷೆಯಲ್ಲಿ ಹೇಳಿದರು: "ಗುಜರಿಯಾವ ತೂಕಕ್ಕ ತಗೋತಾನ. ಫೈಬರಿಗೆ ತೂಕಾನೂ ಇಲ್ಲ, ರೇಟೂ ಇಲ್ಲ." ಎಂಜಿನ್ನಿನ ಅಲ್ಯೂಮಿನಿಯಂಗೆ ಬೆಲೆ ಇದೆ, ಚಾಸಿಯ ಕಬ್ಬಿಣಕ್ಕೆ ಬೆಲೆ ಇದೆ. ಎರಡನ್ನೂ ಕಿತ್ತುಕೊಂಡು ಹೋದ ಮೇಲೆ ಚಿಪ್ಪು ಮಾತ್ರ ಹಿತ್ತಲಲ್ಲಿ ಉಳಿಯುತ್ತದೆ. ದಲಾಲರ ಡಾಲ್ಫಿನ್ನಿಗೆ ಆದದ್ದೂ ಅದೇ. ಮೋಟೆಬೆನ್ನೂರಿನ ಕಡೆಯ ಹೊಲದ ಮನೆಯಲ್ಲಿ ಅದರ ಚಿಪ್ಪು ಬಹಳ ವರ್ಷ ಕೋಳಿಗೂಡಾಗಿತ್ತು. ತುಕ್ಕು ಹಿಡಿಯದ ಗೂಡು ಎಂದು ಹೊಲದವರಿಗೆ ಅದರ ಮೇಲೆ ಬಲು ಪ್ರೀತಿ.

ಎಲ್ಲಾದರೂ ಒಂದು ಇಡಿಯಾಗಿ ಉಳಿದಿದ್ದರೂ ಅದನ್ನು ಇಟ್ಟುಕೊಳ್ಳುವುದು ಸುಲಭವಲ್ಲ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಂತೆ ವಿಂಟೇಜ್ ಎನಿಸಿಕೊಳ್ಳಲು ವಾಹನಕ್ಕೆ 50 ವರ್ಷ ತುಂಬಿರಬೇಕು. ಹಾಗಿದ್ದರೆ 'ವಿಎ' ಸರಣಿಯ ವಿಶೇಷ ನಂಬರು ಸಿಗುತ್ತದೆ, ನೋಂದಣಿ ಶುಲ್ಕ 20,000 ರೂಪಾಯಿ. ಡಾಲ್ಫಿನ್‌ಗಳಲ್ಲಿ ಎಲ್ಲಕ್ಕಿಂತ ಹಳೆಯದಕ್ಕೂ 50 ತುಂಬುವುದು 2032ಕ್ಕೆ. ಅಲ್ಲಿಯವರೆಗೆ ಕಾನೂನಿನ ಕಣ್ಣಿಗೆ ಅದು ಬರೀ ಹಳೆ ಗಾಡಿ. 20 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2025ರ ಆಗಸ್ಟ್‌ನಿಂದ 10,000 ರೂಪಾಯಿ. ಆ ವಿಂಟೇಜ್ ನಿಯಮ ಮಾತಾಡುವುದು ಎರಡು ಮತ್ತು ನಾಲ್ಕು ಗಾಲಿಯವುಗಳ ಬಗ್ಗೆ. ಮೂರು ಗಾಲಿಯ ಬಾದಲ್‌ನ ಪಾಡೇನು ಎಂಬುದನ್ನು ಅದನ್ನು ಬರೆದವರೇ ಹೇಳಬೇಕು.

ಹಳೆ ಕಾರುಗಳಿಗೆ ನೆಲೆ ಕೊಟ್ಟವರು ನಮ್ಮಲ್ಲಿಲ್ಲದೆ ಇಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಹೋದವರು ಅಲ್ಲಿನ ಕಾರುಗಳನ್ನು ನೋಡಿಯೇ ಇರುತ್ತಾರೆ. ಶ್ರೀರಂಗಪಟ್ಟಣದ ಬಳಿ 'ಪಯಣ' ಎಂಬ ಕಾರು ವಸ್ತುಸಂಗ್ರಹಾಲಯವೇ ಇದೆ. ರಾಜರ ರೋಲ್ಸ್ ರಾಯ್ಸ್ ಬಗ್ಗೆ ಯಾರೂ ಚಿಂತೆ ಮಾಡಬೇಕಾಗಿಲ್ಲ, ಅದನ್ನು ಕಾಯುವವರು ಎಲ್ಲೆಲ್ಲೂ ಇದ್ದಾರೆ. ದಲಾಲಿ ಅಂಗಡಿಯ, ಸಣ್ಣ ಊರಿನ ಡಾಕ್ಟರರ ಕಾರನ್ನು ಕಾಯಬೇಕಾದವರು ಮಾತ್ರ ನಾವೇ.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಕಡೆ ಯಾರ ಹಿತ್ತಲಲ್ಲಾದರೂ ಬಾದಲ್, ಡಾಲ್ಫಿನ್, ಮೊಂಟಾನಾ ಮಲಗಿದ್ದರೆ ಎಂಜಿನ್ನನ್ನು ಬೇರೆ ಮಾಡಿ ಮಾರಬೇಡಿ. ಚಾಸಿ ನಂಬರಿನ ತಗಡಿನ ಫೋಟೊ ತೆಗೆದಿಡಿ. ಹಳೆಯ ಆರ್‌ಸಿ ಪುಸ್ತಕ ಟ್ರಂಕಿನಲ್ಲಿದ್ದರೆ ಗೆದ್ದಲಿಗೆ ಬಿಡಬೇಡಿ, ಅದಿಲ್ಲದ ಗಾಡಿ ಮತ್ತೆ ರಸ್ತೆಗೆ ಬರುವುದು ಬಲು ಕಷ್ಟ. ಫೈಬರ್ ಸೀಳಿದ್ದರೆ ಹೆದರಬೇಕಾಗಿಲ್ಲ. ರೆಸಿನ್, ಹಾರ್ಡ್‌ನರ್, ಮ್ಯಾಟು ಈಗ ಹುಬ್ಬಳ್ಳಿ, ದಾವಣಗೆರೆಯಲ್ಲೇ ಸಿಗುತ್ತವೆ. ಕೈ ನಡುಗುತ್ತಿದ್ದರೂ ಕಾಕಾ ಪಕ್ಕದಲ್ಲಿ ಕೂತು ಹೇಳಿಕೊಡಲು ತಯಾರಿದ್ದಾರೆ, ಬ್ರಷ್ಷು ಹಿಡಿಯುವ ಹುಡುಗನೊಬ್ಬ ಬೇಕಷ್ಟೆ.