ಕಪ್ಪು ತೊಲೆ, ಬಿಳಿ ಗೋಡೆಯ ಮನೆಗಳು

ಬೇಸಿಗೆಯ ರಜೆಯಲ್ಲಿ ಊರಿಗೆ ಹೋಗುವ ನಮ್ಮ ಠಾಣೆ, ಡೊಂಬಿವಲಿ, ಕಲ್ಯಾಣದ ಕುಟುಂಬಗಳಲ್ಲಿ ಅನೇಕರು ಬೆಂಗಳೂರಿನ ಅರಮನೆಯನ್ನು ನೋಡಿ ಬಂದಿರಬಹುದು. ಮೈಸೂರಿನ ಅರಮನೆಯನ್ನು ಕಂಡ ಕಣ್ಣಿಗೆ ಇದು ಬೇರೊಂದು ಲೋಕದ್ದೆನಿಸುತ್ತದೆ. ಇಲ್ಲಿ ಗುಮ್ಮಟವಿಲ್ಲ. ಎತ್ತರದ ಬುರುಜುಗಳು, ಗೋಡೆಯ ನೆತ್ತಿಯಲ್ಲಿ ಕೋಟೆಗಿರುವಂತೆ ತೆನೆಗಳು, ಒಳಗೆ ಮರದ ಕೆತ್ತನೆ, ಬಣ್ಣದ ಗಾಜಿನ ಕಿಟಕಿಗಳು. ಆ ತೆನೆಗಳ ಹಿಂದೆ ನಿಂತು ಯಾರೂ ಎಂದೂ ಗುಂಡು ಹಾರಿಸಲಿಲ್ಲ. ಅವು ಕೇವಲ ಶೋಭೆಗೆ.

ಈ ಮಾದರಿಗೆ ಟ್ಯೂಡರ್ ಶೈಲಿಯೆಂದು ಹೆಸರು. 1485ರಿಂದ 1603ರ ವರೆಗೆ ಇಂಗ್ಲಂಡನ್ನು ಆಳಿದ ರಾಜವಂಶದ ಹೆಸರದು. ನಮ್ಮ ಕಡೆ ವಿಜಯನಗರವು ಉಚ್ಛ್ರಾಯಕ್ಕೇರಿ, 1565ರಲ್ಲಿ ಹಾಳಾದುದು ಇದೇ ಅವಧಿಯಲ್ಲಿ. ಹಾಗಾದರೆ ಸುಮಾರು ಮುನ್ನೂರು ವರ್ಷಗಳ ಹಿಂದಿನ ಆ ಪರದೇಶದ ಶೈಲಿ ಬೆಂಗಳೂರಿಗೆ ಬಂದದ್ದು ಹೇಗೆ?

1868ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡಾಗ ಅವರ ದತ್ತುಪುತ್ರ ಚಾಮರಾಜೇಂದ್ರರಿಗೆ ಐದು ವರ್ಷ. ರಾಜ್ಯಭಾರ ಇಂಗ್ಲಿಷ್ ಕಮಿಶನರರ ಕೈಯಲ್ಲಿತ್ತು. 1873ರಲ್ಲಿ ಬಾಲರಾಜರ ಪೋಷಕರು ಪಾದ್ರಿ ಗ್ಯಾರೆಟ್ ಅವರ ಆಸ್ತಿಯನ್ನು ಕೊಂಡು, ಮುಂದಿನ ಐದು ವರ್ಷಗಳಲ್ಲಿ ಈ ಅರಮನೆಯನ್ನು ಎಬ್ಬಿಸಿದರು. ಹಣ ಹತ್ತು ವರ್ಷದ ಹುಡುಗನದು, ಅಭಿರುಚಿ ಪೋಷಕರದು ಎಂದರೆ ತಪ್ಪಾಗಲಾರದು. ಊರು ಬಿಟ್ಟು ಆರು ಸಾವಿರ ಮೈಲಿ ಬಂದವರು ತಮ್ಮ ಊರಿನ ನೆನಪನ್ನು ಕಲ್ಲು ಗಾರೆಯಲ್ಲಿ ಕಟ್ಟಿಕೊಂಡರು. ಸಿಮ್ಲಾದಲ್ಲಿಯೂ ಅವರು ಮಾಡಿದ್ದು ಇದನ್ನೇ.

ಆದರೆ ಟ್ಯೂಡರ್ ಎಂದರೆ ಅರಮನೆಯೊಂದೇ ಅಲ್ಲ. ಅದರ ನಿಜವಾದ ಸೊಬಗು ಸಾಧಾರಣ ಜನರ ಮನೆಗಳಲ್ಲಿದೆ. ಶೇಕ್ಸ್‌ಪಿಯರನು ಹುಟ್ಟಿದ ಸ್ಟ್ರಾಟ್‌ಫರ್ಡಿನ ಮನೆಯ ಚಿತ್ರವನ್ನು ನೀವು ಪಠ್ಯಪುಸ್ತಕದಲ್ಲಿ ನೋಡಿರಬಹುದು. ಆ ಮನೆಯ ಭಾರವನ್ನೆಲ್ಲ ಹೊರುವುದು ಓಕ್ ಮರದ ಚೌಕಟ್ಟು. ಮರವನ್ನು ಹಸಿಯಾಗಿರುವಾಗಲೇ ಕೊಯ್ದು, ಒಂದು ತೊಲೆಯ ತುದಿಯನ್ನು ಇನ್ನೊಂದರಲ್ಲಿ ಕೊರೆದ ತೂತಿಗೆ ಕೂರಿಸಿ, ಕಬ್ಬಿಣದ ಮೊಳೆಯ ಬದಲು ಮರದ ಬೆಣೆ ಬಡಿಯುತ್ತಿದ್ದರು. ಮರ ಒಣಗಿದಂತೆ ಸಂದು ಬಿಗಿಯಾಗುತ್ತಿತ್ತು, ತೊಲೆ ತುಸು ಸೊಟ್ಟಗೂ ಆಗುತ್ತಿತ್ತು. ಆ ಮನೆಗಳ ಸೊಟ್ಟ ಗೋಡೆಗಳಿಗೆ ಕಾರಣ ಕಲಾವಿದನ ಕಲ್ಪನೆಯಲ್ಲ, ಮರದ ಸ್ವಭಾವ.

ಕಂಬಗಳ ನಡುವಿನ ಜಾಗವನ್ನು ತುಂಬುತ್ತಿದ್ದುದು ಏನೆಂದು ಊಹಿಸಿರಿ. ಕಡ್ಡಿಗಳನ್ನು ಹೆಣೆದ ತಡಿಕೆ, ಅದರ ಮೇಲೆ ಮಣ್ಣು, ಹುಲ್ಲು, ಸೆಗಣಿ ಕಲಸಿದ ಮೆತ್ತಿಗೆ, ಕೊನೆಗೆ ಸುಣ್ಣ! ನಮ್ಮ ಅಜ್ಜಿಯಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಡಿದಾದ ಮಾಡು ಮಳೆ ಹಿಮಗಳು ನಿಲ್ಲದಂತೆ ಮಾಡುತ್ತಿತ್ತು. ಮಹಡಿಯನ್ನು ಬೀದಿಯ ಕಡೆಗೆ ಮುಂಚಾಚಿ ಕಟ್ಟಿದ್ದರಿಂದ ಇಕ್ಕಟ್ಟಿನ ಪೇಟೆಯಲ್ಲಿ ಮೇಲೆ ಜಾಗ ಹೆಚ್ಚುತ್ತಿತ್ತು, ಕೆಳಗಿನ ಗೋಡೆಗೆ ನೆರಳೂ ಸಿಗುತ್ತಿತ್ತು. ದೊಡ್ಡ ಗಾಜನ್ನು ಮಾಡುವುದು ಆಗ ಕಷ್ಟವಾದ್ದರಿಂದ ಸಣ್ಣ ಸಣ್ಣ ಚೂರುಗಳನ್ನು ಸೀಸದ ಪಟ್ಟಿಯಲ್ಲಿ ಜೋಡಿಸಿ ಕಿಟಕಿ ಮಾಡುತ್ತಿದ್ದರು. ಇಂದು ನಾವು ಬೆರಗಾಗಿ ನೋಡುವ ವಜ್ರಾಕಾರದ ಜಾಲರಿ ಅದೇ. ಇಟ್ಟಿಗೆಯ ಎತ್ತರದ ಹೊಗೆಗೂಡು ಅಂದಿನವರಿಗೆ ಹೊಸ ಸೌಕರ್ಯ. ಅದಕ್ಕೂ ಮೊದಲು ನಡುಮನೆಯ ಬೆಂಕಿಯ ಹೊಗೆ ಮಾಡಿನ ಸಂದಿನಿಂದ ಹೋದರೆ ಹೋಯಿತು, ಇಲ್ಲದಿದ್ದರೆ ಕಣ್ಣಿಗೆ.

ಇನ್ನೊಂದು ವಿಚಿತ್ರ ಕೇಳಿರಿ. ಟ್ಯೂಡರ್ ಎಂದೊಡನೆ ನೆನಪಾಗುವ ಆ ಕಡುಕಪ್ಪು ತೊಲೆ, ಅಚ್ಚಬಿಳಿ ಗೋಡೆ ಬಹುಮಟ್ಟಿಗೆ ಟ್ಯೂಡರ್ ಕಾಲದ್ದೇ ಅಲ್ಲ. ಓಕ್ ಮರವನ್ನು ಹೆಚ್ಚಾಗಿ ಹಾಗೆಯೇ ಬಿಡುತ್ತಿದ್ದರು, ಅದು ಬರಬರುತ್ತ ಬೆಳ್ಳಿಯ ಬೂದುಬಣ್ಣಕ್ಕೆ ತಿರುಗುತ್ತಿತ್ತು. ಡಾಂಬರು ಬಳಿಯುವ ಚಾಳಿ ಬಲವಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ.

ಲಂಡನ್ನಿನಲ್ಲಿ 1666ರ ಮಹಾ ಅಗ್ನಿಯ ನಂತರ ಮರದ ಮನೆಗಳನ್ನು ಕಟ್ಟಗೊಡಲಿಲ್ಲ. ಇಟ್ಟಿಗೆ ಕಲ್ಲುಗಳ ಕಾಲ ಬಂತು. ಮುಂದೆ ಈ ಶೈಲಿ ಮತ್ತೆ ತಲೆಯೆತ್ತಿದ ಬಗೆ ನಮ್ಮಂಥವರಿಗೆ ಸ್ವಾರಸ್ಯವಾಗಿದೆ. ಮೊದಲ ಮಹಾಯುದ್ಧದ ನಂತರ ಲಂಡನ್ನಿನ ಸುತ್ತ ರೈಲುಹಾದಿಯ ಗುಂಟ ಉಪನಗರಗಳು ಬೆಳೆದವು. ಮೆಟ್ರೊಪಾಲಿಟನ್ ರೈಲ್ವೆಯು ತನ್ನ ಹಾದಿಯ ಪ್ರದೇಶಕ್ಕೆ ಮೆಟ್ರೋಲ್ಯಾಂಡ್ ಎಂದು ಹೆಸರಿಟ್ಟು ಜಾಹೀರಾತು ಮಾಡಿತು. ಬೆಳಿಗ್ಗೆ ರೈಲು ಹತ್ತಿ ಆಫೀಸಿಗೆ ಹೋಗಿ ಸಂಜೆ ಮರಳುವ ಗುಮಾಸ್ತನೇ ಅಲ್ಲಿಯ ಗಿರಾಕಿ. ಡೊಂಬಿವಲಿಯ ಓದುಗರಿಗೆ ಅವನನ್ನು ಪರಿಚಯಿಸಬೇಕಾಗಿಲ್ಲ! ಅವನಿಗಾಗಿ ಇಟ್ಟಿಗೆಯ ಮನೆ ಕಟ್ಟಿ, ಮುಂಗೋಡೆಗೆ ಹಲಗೆ ಬಡಿದು, ಕಪ್ಪು ಬಳಿದು ಟ್ಯೂಡರ್ ಎಂದರು. ಹಲಗೆ ಯಾವ ಭಾರವನ್ನೂ ಹೊರಲಿಲ್ಲ. ಪಂಡಿತರು ನಕ್ಕರು. ನನಗಂತೂ ನಗು ಬಾರದು. ಹಳ್ಳಿಯ ಮನೆಯನ್ನು ಎಂದೋ ಕಳೆದುಕೊಂಡ ಆ ಗುಮಾಸ್ತನಿಗೆ ಅದರ ನೆರಳಾದರೂ ಬೇಕಾಗಿತ್ತು.

ನಮ್ಮ ಕಡೆಯೂ ಮರದ ಚೌಕಟ್ಟಿನ ಮನೆಗಳಿಗೆ ಕೊರತೆಯಿರಲಿಲ್ಲ. ಧಾರವಾಡ ಸೀಮೆಯಲ್ಲಿ ಕಂಬ, ತೊಲೆ, ಜಂತೆಗಳ ಮೇಲೆ ಮಣ್ಣಿನ ಮಾಳಿಗೆ; ಮಲೆನಾಡಿನಲ್ಲಿ ಇಳಿಜಾರಾದ ಹಂಚಿನ ಮಾಡು. ಇಲ್ಲಿ ಗಿರಗಾಂವದ ಹಳೆಯ ಚಾಳುಗಳಲ್ಲಿಯೂ ಮರದ ಕಂಬ ತೊಲೆಗಳೇ ಭಾರ ಹೊರುತ್ತವೆ, ನಡುವೆ ಇಟ್ಟಿಗೆ ತುಂಬಿರುತ್ತದೆ. ಇಂಗ್ಲಿಷರು ತೊಲೆಯನ್ನು ತೋರಿಸಿದರು, ಚಾಳು ಕಟ್ಟಿದವರು ಗಿಲಾಯದಲ್ಲಿ ಮುಚ್ಚಿದರು, ಭೇದ ಅಷ್ಟೇ.

ಇದನ್ನೆಲ್ಲ ಈಗ ಬರೆಯಲು ಕಾರಣವುಂಟು. ಠಾಣೆಯಿಂದ ನವಿ ಮುಂಬಯಿಯ ವರೆಗೆ ಹಳೆಯ ಕಟ್ಟಡಗಳು ಉರುಳುತ್ತಿವೆ. ನಮ್ಮ ಸೊಸಾಯಿಟಿಯ ಸರದಿಯೂ ಬಂದಿದೆ. ಬಿಲ್ಡರರು ತಂದ ಚಿತ್ರವೊಂದರಲ್ಲಿ ಹದಿನೆಂಟು ಮಹಡಿಯ ಗೋಪುರದ ಮೈಮೇಲೆ ಕಪ್ಪು ಪಟ್ಟೆಗಳನ್ನೆಳೆದು "ಟ್ಯೂಡರ್ ಎಲಿವೇಶನ್" ಎಂದು ಬರೆದಿತ್ತು. ಪಟ್ಟೆ ಬಂದಿತ್ತು, ಇಳಿಜಾರು ಮಾಡು ಬಂದಿರಲಿಲ್ಲ, ಕಿಟಕಿಯ ಮೇಲೆ ನೆರಳು ಬಂದಿರಲಿಲ್ಲ. ಜೂನಿನಿಂದ ಸಪ್ಟಂಬರದ ವರೆಗೆ ಅಡ್ಡಮಳೆ ಹೊಡೆಯುವ ಈ ಸೀಮೆಗೆ ಟ್ಯೂಡರ್ ಮನೆಯಿಂದ ಕಲಿಯತಕ್ಕದ್ದೇನಾದರೂ ಇದ್ದರೆ ಅವೆರಡೇ. ಮೂವತ್ತು ವರ್ಷದ ಉಳಿತಾಯವನ್ನು ಈ ಕಟ್ಟಡದಲ್ಲಿ ಹಾಕಿ, ಪ್ರತಿ ಮಳೆಗಾಲ ಸೋರುವ ಗೋಡೆಗೆ ಬಕೆಟ್ಟು ಒಡ್ಡಿದ ಮನೆತನಗಳು ನಮ್ಮಲ್ಲಿ ಹದಿನಾರು. ಬಣ್ಣ ಯಾವುದೇ ಇರಲಿ, ಪ್ರತಿ ಕಿಟಕಿಗೂ ಎರಡೂವರೆ ಅಡಿಯ ಛಜ್ಜಾ ಬೇಕೆಂದೂ, ಅದನ್ನು ಕರಾರುಪತ್ರದಲ್ಲಿ ಅಡಿ ಲೆಕ್ಕದಲ್ಲಿಯೇ ಬರೆಯಬೇಕೆಂದೂ ನಾವು ಅರ್ಜಿ ಕೊಟ್ಟಿದ್ದೇವೆ. ಹದಿನಾರರಲ್ಲಿ ಹನ್ನೊಂದು ಮನೆಯವರ ಸಹಿ ಆಗಿದೆ; ಉಳಿದ ಐದು ಮನೆಯವರಿಗೆ ಪಟ್ಟೆಗಳು ಹಿಡಿಸಿವೆ.