ಹ್ಯಾಮ್‌ಸ್ಟರ್ ಸತ್ತದ್ದು ನಮ್ಮ ತಪ್ಪೇ?

ಪ್ರಶ್ನೆ: ಮೊನ್ನೆ ಆಡಿಕೊಂಡಿದ್ದ ನಮ್ಮ ಹ್ಯಾಮ್‌ಸ್ಟರ್ ಇವತ್ತು ಸತ್ತುಹೋಯಿತು. ನಮ್ಮ ಅಜಾಗ್ರತೆಯೇ ಕಾರಣವೇ? ಮಗಳ ಅಳು ನಿಂತಿಲ್ಲ, ಬೇರೊಂದನ್ನು ತಂದುಕೊಡಲೇ?

ಉತ್ತರ: ಹ್ಯಾಮ್‌ಸ್ಟರ್ ಹಾವು, ಗೂಬೆಗಳ ಬಾಯಿಗೆ ಬೀಳುವ ಜೀವಿ. ಸೊರಗಿದ್ದು ಕಂಡರೆ ಅಪಾಯ, ಹಾಗಾಗಿ ಅಂಥ ಪ್ರಾಣಿಗಳು ಕಾಯಿಲೆಯನ್ನು ಸುಲಭಕ್ಕೆ ಹೊರಗೆ ತೋರಗೊಡುವುದಿಲ್ಲ. ಹಗಲೆಲ್ಲ ಮಲಗುವ ಅಭ್ಯಾಸದಿಂದಾಗಿ ಅದರ ಮಂಕೂ ನಮಗೆ ನಿದ್ದೆಯಂತೆಯೇ ಕಾಣುತ್ತದೆ. ಮರಿಗಳಿಗೆ ಹೆಚ್ಚಾಗಿ ತಗಲುವ ‘ವೆಟ್ ಟೇಲ್’ ಎಂಬ ಕರುಳಿನ ಕಾಯಿಲೆಯನ್ನೇ ನೋಡಿ: ಬಾಲದ ಸುತ್ತಲಿನ ಕೂದಲು ಒದ್ದೆಯಾಗಿ ಅಂಟಿಕೊಂಡದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಭೇದಿಯಿಂದ ಮೈಯ ನೀರು ಬತ್ತಿರುತ್ತದೆ, ಎರಡು ಮೂರು ದಿನಗಳಲ್ಲೇ ಪ್ರಾಣ ಹೋಗಬಹುದು. ಮೊದಲೇ ವೈದ್ಯರಿಗೆ ತೋರಿಸಿದ್ದರೆ ಎಂದು ನೀವು ಕೇಳಬಹುದು. ಬೇಗ ಚಿಕಿತ್ಸೆ ಸಿಕ್ಕ ಕೆಲವು ಬದುಕುತ್ತವೆ, ನಿಜ. ಸಿಕ್ಕರೂ ಸಾಯುವವು ಬಹಳ. ಕಾಣಿಸದೆ ಇದ್ದ ಲಕ್ಷಣಕ್ಕಾಗಿ ನಿಮ್ಮನ್ನು ನೀವು ಹಳಿದುಕೊಳ್ಳುವುದು ನ್ಯಾಯವಲ್ಲ.

ಒಂದು ಇಲಿಗಾಗಿ ಇಷ್ಟು ಅಳಬೇಕೇ ಎನ್ನುವವರು ಸಿಗುತ್ತಾರೆ. ಅದರ ಆಯಸ್ಸೇ ಎರಡು-ಮೂರು ವರ್ಷ ಎಂಬುದೂ ಸತ್ಯವೇ. ಆದರೆ ಪ್ರತಿ ಸಂಜೆ ಕಾಳು ಹಾಕಿ, ಅದು ಕೆನ್ನೆಯ ಚೀಲದಲ್ಲಿ ತುಂಬಿಕೊಳ್ಳುವುದನ್ನು ನೋಡುತ್ತಿದ್ದ ಮಗುವಿಗೆ ಆ ಹೊತ್ತೇ ಬರಿದಾಗಿದೆ. ಸಮಾಜ ಲೆಕ್ಕಕ್ಕಿಡದ ಇಂಥ ಶೋಕದ ಬಗ್ಗೆ ಶೋಕವನ್ನು ಅಧ್ಯಯನ ಮಾಡಿದ ಅಮೆರಿಕದ ಕೆನೆತ್ ಡೋಕಾ 1989ರಲ್ಲೇ ಪುಸ್ತಕ ತಂದರು. ಹೇಳಿಕೊಳ್ಳಲು ಅವಕಾಶವಿಲ್ಲದಾಗ ದುಃಖ ಇನ್ನಷ್ಟು ಭಾರವಾಗುತ್ತದೆ. ‘ನಿದ್ದೆ ಹೋಯಿತು’ ಎನ್ನಬೇಡಿ, ಮಗು ನಿದ್ದೆಗೇ ಹೆದರಬಹುದು; ಸತ್ತಿತು ಎಂದೇ ಹೇಳಿ. ಕಾಯಿಲೆಯ ಸೋಂಕು ಉಳಿದಿರಬಹುದು, ಗೂಡನ್ನು ಸೋಂಕುನಾಶಕದಿಂದ ಚೆನ್ನಾಗಿ ತೊಳೆದಿಡಿ. ಹೊಸ ಹ್ಯಾಮ್‌ಸ್ಟರನ್ನು ಈಗಲೇ ತರಬೇಡಿ, ಬೇಕೆಂದು ಅವಳೇ ಕೇಳಲಿ.