ತೆರಿಗೆ ತಂತ್ರಾಂಶದ ಮೂಲಕ ಬಂದ ಯುದ್ಧ

2017ರ ಜೂನ್ 27ರಂದು, ಸಂವಿಧಾನ ದಿನದ ರಜೆಯ ಮುನ್ನಾದಿನ, ಉಕ್ರೇನಿನ ಕಚೇರಿಗಳಲ್ಲಿ ಗಣಕಯಂತ್ರಗಳು ಒಂದರ ಹಿಂದೊಂದು ಸ್ತಬ್ಧವಾದವು. 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೇಳುವ ಒಕ್ಕಣೆ ತೆರೆಯ ಮೇಲೆ ಮೂಡಿತು. ಹಣ ತೆತ್ತರೂ ಕಡತಗಳು ಮರಳುವಂತಿರಲಿಲ್ಲ. ಅದು ಸುಲಿಗೆಯ ವೇಷ ತೊಟ್ಟ ವಿಧ್ವಂಸ ಕೃತ್ಯ. ‘ನಾಟ್‌ಪೆಟ್ಯಾ’ ಎಂಬುದು ಅದಕ್ಕೆ ಬಂದ ಹೆಸರು.

ವರ್ತಕರು ವಿಶೇಷವಾಗಿ ಗಮನಿಸಬೇಕಾದುದು ಅದು ಒಳಹೊಕ್ಕ ಬಾಗಿಲನ್ನು. ಎಂ.ಇ.ಡಾಕ್ ಎಂಬುದು ಉಕ್ರೇನಿನ ವ್ಯವಹಾರಸ್ಥರು ತೆರಿಗೆ ವಿವರ ಸಲ್ಲಿಸಲು ವ್ಯಾಪಕವಾಗಿ ಬಳಸುತ್ತಿದ್ದ ಲೆಕ್ಕಪತ್ರ ತಂತ್ರಾಂಶ. ಅದರ ಅಪ್‌ಡೇಟ್ ರವಾನಿಸುವ ಸರ್ವರನ್ನೇ ದಾಳಿಕೋರರು ವಶಪಡಿಸಿಕೊಂಡಿದ್ದರು. ಕಾನೂನು ಪಾಲಿಸಲೆಂದು ತಂತ್ರಾಂಶ ಇಟ್ಟುಕೊಂಡವನೇ ಮೊದಲು ಸಿಕ್ಕಿಬಿದ್ದ.

ಉಕ್ರೇನಿನಲ್ಲಿ ವ್ಯವಹಾರವಿದ್ದ ವಿದೇಶಿ ಕಂಪನಿಗಳ ಜಾಲದ ಮೂಲಕ ಅದು ಗಡಿ ದಾಟಿತು. ಡೆನ್ಮಾರ್ಕಿನ ಹಡಗು ಸಂಸ್ಥೆ ಮಾರ್ಸ್ಕ್ 4,000 ಸರ್ವರ್‌ಗಳನ್ನೂ 45,000 ಗಣಕಯಂತ್ರಗಳನ್ನೂ ಹತ್ತು ದಿನಗಳಲ್ಲಿ ಹೊಸದಾಗಿ ಸಜ್ಜುಗೊಳಿಸಬೇಕಾಯಿತು. ನಷ್ಟ 25ರಿಂದ 30 ಕೋಟಿ ಡಾಲರ್. ಮುಂಬೈ ಬಳಿಯ ಜವಾಹರಲಾಲ್ ನೆಹರು ಬಂದರಿನಲ್ಲಿ ಅದೇ ಸಮೂಹ ನಡೆಸುವ ಟರ್ಮಿನಲ್ಲಿನ ಕೆಲಸವೂ ಅಸ್ತವ್ಯಸ್ತವಾಯಿತು. ಸಂಸ್ಥೆಯ ಜಾಲವನ್ನು ಮರಳಿ ಕಟ್ಟಲು ಬೇಕಾದ ಮಾಹಿತಿ ಉಳಿದದ್ದು ಘಾನಾದ ಒಂದೇ ಕಚೇರಿಯಲ್ಲಿ, ಅದೂ ದಾಳಿಯ ವೇಳೆ ಅಲ್ಲಿ ವಿದ್ಯುತ್ ಕಡಿತವಾಗಿದ್ದ ಕಾರಣ! ಕರೆಂಟು ಹೋದಾಗಲೆಲ್ಲ ಶಪಿಸುವ ಉದ್ಯಮಿಗೆ ಇದು ಸೋಜಿಗವೆನಿಸೀತು.

2018ರ ಫೆಬ್ರವರಿಯಲ್ಲಿ ಅಮೆರಿಕ ಮತ್ತು ಬ್ರಿಟನ್ ಸರ್ಕಾರಗಳು ಇದು ರಷ್ಯಾದ ಸೇನೆಯ ಕೃತ್ಯವೆಂದು ಸಾರಿದವು, ರಷ್ಯಾ ನಿರಾಕರಿಸಿತು. ಈ ಘೋಷಣೆ ರಾಜತಂತ್ರದಷ್ಟಕ್ಕೇ ನಿಲ್ಲಲಿಲ್ಲ, ವಿಮೆಯ ಕಡತಕ್ಕೂ ಬಂತು. ಸುಮಾರು 140 ಕೋಟಿ ಡಾಲರ್ ನಷ್ಟ ಕೋರಿದ ಅಮೆರಿಕದ ಔಷಧ ತಯಾರಕ ಮರ್ಕ್ ಸಂಸ್ಥೆಗೆ ವಿಮಾದಾರರು, ‘ಇದು ಯುದ್ಧಕೃತ್ಯ, ಪಾಲಿಸಿಯಲ್ಲಿ ಯುದ್ಧಕ್ಕೆ ರಕ್ಷಣೆಯಿಲ್ಲ’ ಎಂದು ವಾದಿಸಿದರು. ಆ ಷರತ್ತು ಸೈನಿಕ ಕಾರ್ಯಾಚರಣೆಯನ್ನು ಕುರಿತದ್ದು, ಸೇನೆಗೆ ಸಂಬಂಧಿಸದ ಕಂಪನಿಯ ಲೆಕ್ಕಪತ್ರ ತಂತ್ರಾಂಶದ ಮೇಲಿನ ದಾಳಿಗೆ ಅನ್ವಯಿಸದು ಎಂಬ ತೀರ್ಪನ್ನು ನ್ಯೂಜೆರ್ಸಿಯ ಮೇಲ್ಮನವಿ ನ್ಯಾಯಾಲಯ 2023ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. 2024ರ ಜನವರಿಯಲ್ಲಿ ಉಭಯತರೂ ರಾಜಿಯಾದರು.

ಮರ್ಕ್ ಗೆದ್ದದ್ದು ಹಳೆಯ ಪದಗಳ ಬಲದಿಂದ. ವಿಮಾದಾರರು ಪದಗಳನ್ನೇ ಬದಲಿಸತೊಡಗಿದ್ದಾರೆ. ಲಂಡನ್ನಿನ ಲಾಯ್ಡ್ಸ್ ಮಾರುಕಟ್ಟೆಯಲ್ಲಿ 2023ರ ಮಾರ್ಚ್ 31ರಿಂದ ಪ್ರತ್ಯೇಕ ಸೈಬರ್ ಪಾಲಿಸಿಗಳು, ಒಂದು ರಾಷ್ಟ್ರದ ಕಾರ್ಯನಿರ್ವಹಣೆಯನ್ನೇ ಗಣನೀಯವಾಗಿ ಕುಂದಿಸುವ ಸರ್ಕಾರಿ ಬೆಂಬಲಿತ ದಾಳಿಯನ್ನು ಸ್ಪಷ್ಟವಾಗಿ ಹೊರಗಿಡಬೇಕಾಯಿತು. ಪಾಲಿಸಿ ನವೀಕರಿಸುವಾಗ ಪ್ರೀಮಿಯಂ ಮೊತ್ತವನ್ನಷ್ಟೇ ನೋಡುವ ವಾಡಿಕೆಯುಳ್ಳವರು ಈ ಷರತ್ತನ್ನೂ, ದಾಳಿಯ ಹಿಂದೆ ವಿದೇಶಿ ಸರ್ಕಾರವಿದೆಯೆಂದು ಯಾವ ಆಧಾರದ ಮೇಲೆ ನಿರ್ಧರಿಸಲಾಗುವುದು ಎಂಬುದನ್ನೂ ಸಹಿಗೆ ಮೊದಲೇ ಲಿಖಿತವಾಗಿ ಕೇಳಿ ಪಡೆಯುವುದು ಒಳಿತು.